ಜಾತ್ರೆಗೆ ಹೊರಡೋ ಮುಂಚೆ ಸರ್ಟಿಫಿಕೇಟಿನ ತಾರೀಖು ನೋಡಿಕೋ

ತಮ್ಮಾ, ಜರ್ಮನಿಗೆ ಬಂದು ಆರು ತಿಂಗಳೂ ಆಗಿಲ್ಲ, ಆಗಲೇ ಶರಣಬಸವೇಶ್ವರರ ಜಾತ್ರೆಗೆ ಕಲಬುರಗಿಗೆ ಹೋಗಿ ಎರಡು ವಾರ ಅಲ್ಲಿಂದಲೇ ಆಫೀಸ್ ಕೆಲಸ ಮಾಡಬಹುದಾ ಅಂತ ಕೇಳಿದ್ದೀಯ. ಚಳಿ, ಬಾಡಿಗೆ, ಊಟದ ಪ್ರಶ್ನೆಗಳನ್ನು ಬಿಡು, ಅದೆಲ್ಲ ತಾನೇ ರೂಢಿಯಾಗುತ್ತದೆ. ಮನೆ ಬದಲಿಸಿದರೆ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸು, ಸಾಕು.

ಊರಿಂದ ಕೆಲಸ ಮಾಡೋಕೆ ಮೊದಲು ಮ್ಯಾನೇಜರ್ ಹತ್ತಿರ ಮೇಲ್‌ನಲ್ಲಿ ಅನುಮತಿ ತಗೋ. ವಿಪಿಎನ್ (ಹೊರಗಿಂದ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಸುರಕ್ಷಿತ ದಾರಿ) ಕನೆಕ್ಟ್ ಆದ ಮಾತ್ರಕ್ಕೆ ಆಫೀಸಿನ ಒಪ್ಪಿಗೆ ಇದೆ ಅಂತ ಅಲ್ಲ. ಯಾವ ದೇಶದಿಂದ ಕನೆಕ್ಟ್ ಆಗುತ್ತಿದ್ದೀಯ ಅಂತ ನೋಡಿ ತಡೆಯುವ ಆಫೀಸುಗಳೂ ಇವೆ.

"ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ, ಇದು ಸೇಫಾ ಅಣ್ಣಾ?" ಅಂದಿದ್ದೀಯ. ವಿಪಿಎನ್ ಹಾಗೆ ಬಿಡೋದು ಲ್ಯಾಪ್‌ಟಾಪಿನಲ್ಲಿ ಆಫೀಸಿನವರು ಹಾಕಿಕೊಟ್ಟ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತಿನ ಚೀಟಿ, ನೋಡಿ. ಬರೀ ಪಾಸ್‌ವರ್ಡ್‌ಗಿಂತ ಜಾಸ್ತಿನೇ ಸೇಫ್. ಪಾಸ್‌ವರ್ಡನ್ನು ಸುಳ್ಳು ಮೇಲ್ ಕಳಿಸಿ ಕದಿಯಬಹುದು. ಸರ್ಟಿಫಿಕೇಟಿನ ಜೋಡಿ ಪ್ರೈವೇಟ್ ಕೀ (ಅದು ನಿನ್ನದೇ ಅಂತ ಸಹಿ ಹಾಕಿ ತೋರಿಸುವ ಗುಟ್ಟಿನ ಕೀಲಿ) ಲ್ಯಾಪ್‌ಟಾಪಿನ ಟಿಪಿಎಂ ಚಿಪ್‌ನಲ್ಲಿ, ಅಂದರೆ ಕೀಲಿಗಳನ್ನು ಕಾಪಾಡುವ ಚಿಪ್‌ನಲ್ಲಿ, ಇದ್ದರೆ ಅದು ಹೊರಗೇ ಬರಲ್ಲ, ಒಳಗಿಂದಲೇ ಸಹಿ ಹಾಕಿ ಕೊಡುತ್ತದೆ. ಆಫೀಸಿನ ಸರ್ವರ್ ಕೂಡ ತಾನು ಅಸಲಿ ಅಂತ ತನ್ನ ಸರ್ಟಿಫಿಕೇಟ್ ತೋರಿಸಬೇಕು. ಹಾಗಾಗಿ ದಾರಿಯಲ್ಲಿ ಹೈದರಾಬಾದ್ ಲಾಡ್ಜಿನ ವೈಫೈನಲ್ಲಿ ಸರ್ವರ್ ಸರ್ಟಿಫಿಕೇಟ್ ಸರಿಯಿಲ್ಲ ಅಂತ ಬಂದರೆ ಸುಮ್ನೆ ಕಂಟಿನ್ಯೂ ಒತ್ತಬೇಡ. ಫೋನಿನ ಹಾಟ್‌ಸ್ಪಾಟ್ ಹಾಕಿ ನೋಡು.

ನಿಮ್ಮ ಅಪ್ಪ ಟೆಂಡರ್ ಹಾಕೋಕೆ ಬಳಸುವ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಸರ್ಟಿಫಿಕೇಟ್ ಇರುವ ಯುಎಸ್‌ಬಿ ಕಡ್ಡಿ) ಇದೇ ಏನು ಅಂತಲೂ ಕೇಳಿದೆ. ಒಳಗಿನ ಲೆಕ್ಕ ಒಂದೇ. ಆದರೆ ಅದನ್ನು ಕೊಡೋದು 2000ದ ಐಟಿ ಕಾಯ್ದೆಯಡಿ ಲೈಸೆನ್ಸ್ ಪಡೆದ ಸಂಸ್ಥೆ, ಕಾನೂನಿನ ಪ್ರಕಾರ ಅದು ಅವರ ಸಹಿ. ನಿನ್ನದು ಆಫೀಸಿನ ನೆಟ್‌ವರ್ಕಿಗೆ ಮಾತ್ರ. (ನಮ್ಮ ಕಡೆ ಟೋಕನ್ನೂ ಪಿನ್ನೂ ಎರಡನ್ನೂ ಆನ್‌ಲೈನ್ ಸೆಂಟರಿನವರ ಕೈಗೆ ಕೊಟ್ಟು ಬರುತ್ತಾರೆ. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟ ಹಾಗೆ ಅದು. ಅಪ್ಪನಿಗೆ ಹೇಳು.)

ನಿಜವಾದ ತೊಂದರೆ ಇರೋದು ಅವಧಿಯಲ್ಲಿ. ಸರ್ಟಿಫಿಕೇಟಿಗೆ ಕೊನೆಯ ತಾರೀಖು ಇರುತ್ತದೆ. ಆಫೀಸಿನಲ್ಲಿ ಕೂತಿದ್ದರೆ ಅದು ತಾನೇ ರಿನ್ಯೂ ಆಗುತ್ತದೆ, ನಮಗೆ ಗೊತ್ತೂ ಆಗಲ್ಲ. ಆದರೆ ಎಷ್ಟೋ ಕಡೆ ರಿನ್ಯೂ ಮಾಡುವ ಸರ್ವರ್ ಒಳಗಿನ ನೆಟ್‌ವರ್ಕಿನಲ್ಲೇ ಇರುತ್ತದೆ. ಊರಲ್ಲಿದ್ದಾಗ ಅವಧಿ ಮುಗಿದರೆ ವಿಪಿಎನ್ ಬಿಡಲ್ಲ, ವಿಪಿಎನ್ ಇಲ್ಲದೆ ರಿನ್ಯೂ ಆಗಲ್ಲ. ಹುಚ್ಚು ಬಿಡೋತನಕ ಮದುವೆ ಆಗಲ್ಲ, ಮದುವೆ ಆಗೋತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ. ಐಟಿಯವರು "ಲ್ಯಾಪ್‌ಟಾಪ್ ಆಫೀಸಿಗೆ ತನ್ನಿ" ಅಂತಾರೆ. ಕಲಬುರಗಿಯಿಂದ ಎಲ್ಲಿಗೆ ತರ್ತೀಯ? ವಿಂಡೋಸ್‌ನ ಸರ್ಟಿಫಿಕೇಟ್ ಪಟ್ಟಿಯಲ್ಲಿ ತಾರೀಖು ನೋಡು, ಇಲ್ಲಾಂದ್ರೆ ಐಟಿಯವರನ್ನೇ ಕೇಳು. ನೀನು ವಾಪಸ್ ಬರೋ ದಿನಕ್ಕಿಂತ ಮುಂಚೆ ಮುಗಿಯೋ ಹಾಗಿದ್ದರೆ, ಇಲ್ಲೇ ರಿನ್ಯೂ ಮಾಡಿಸಿಕೊಂಡು ಹೊರಡು.

ಗಡಿಯಾರದ್ದೂ ಒಂದು ಮಾತು. ಜಾತ್ರೆ ಬರೋದು ಹೋಳಿ ಆದ ಮೇಲೆ. ಮಾರ್ಚ್ ಕೊನೆಯ ಭಾನುವಾರ ಇಲ್ಲಿ ಸಮಯ ಒಂದು ಗಂಟೆ ಮುಂದೆ ಹೋಗುತ್ತದೆ. ಇಲ್ಲಿನ ಬೆಳಗಿನ 9 ಗಂಟೆ ಅಂದರೆ ಅಲ್ಲಿ ಅಷ್ಟರವರೆಗೆ ಮಧ್ಯಾಹ್ನ 1:30, ಆಮೇಲೆ 12:30. ಲ್ಯಾಪ್‌ಟಾಪಿನಲ್ಲಿ ಟೈಮ್ ಝೋನ್ ಮಾತ್ರ ಬದಲಿಸು, ತಾರೀಖು ಗಂಟೆಗಳನ್ನು ಕೈಯಿಂದ ತಿದ್ದಬೇಡ. ತಾರೀಖು ತಪ್ಪಾದರೆ ನಿನ್ನ ಲ್ಯಾಪ್‌ಟಾಪೇ ಸರ್ವರಿನ ಸರ್ಟಿಫಿಕೇಟನ್ನು ಒಪ್ಪಲ್ಲ.

ಲ್ಯಾಪ್‌ಟಾಪ್ ಕಳೆದರೆ ಪೊಲೀಸ್ ಸ್ಟೇಷನ್ನಿಗೆ ಹೋಗೋ ಮೊದಲೇ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡು. ಅವರು ಆ ಸರ್ಟಿಫಿಕೇಟನ್ನು ರದ್ದು ಮಾಡುತ್ತಾರೆ. ಅವರ ನಂಬರನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೋ, ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಅಲ್ಲ.