ಎಂಟು ವರ್ಷ ಆದ ಮೇಲೆ ಎಲೆಕ್ಟ್ರಿಕ್ ಕಾರು ಗುಜರಿಗೆ ಹೋಗುತ್ತದಾ?

ನೀವು ಕೇಳಿದ್ದು ಇಷ್ಟು: ಹತ್ತು ವರ್ಷ ಇಟ್ಟುಕೊಳ್ಳುವ ಲೆಕ್ಕದಲ್ಲಿ ಕಾರು ನೋಡುತ್ತಿದ್ದೀರಿ, ಎಲೆಕ್ಟ್ರಿಕ್ ತಗೊಳ್ಳುವುದಾ ಪೆಟ್ರೋಲ್ ತಗೊಳ್ಳುವುದಾ ಗೊತ್ತಾಗುತ್ತಿಲ್ಲ, ಎಂಟು ವರ್ಷಕ್ಕೆ ಬ್ಯಾಟರಿ ಸತ್ತು ಕಾರು ಗುಜರಿಗೆ ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ, ಅದು ನಿಜವಾ ಅಂತ.

ನಿಜ ಅಲ್ಲ. ಬ್ಯಾಟರಿಗೆ ಅಷ್ಟು ಹೆದರಬೇಡಿ. ಹೆದರಬೇಕಾದದ್ದು ಬೇರೆ ಒಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಒಂದು ಪೆಟ್ರೋಲ್ ಕಾರನ್ನು ಹನ್ನೆರಡು ವರ್ಷ ಓಡಿಸಿದ್ದೇನೆ. ಈಗ ಆರು ವರ್ಷದಿಂದ ಎಲೆಕ್ಟ್ರಿಕ್ ಕಾರು ಇದೆ. ಎರಡನ್ನೂ ಹೊಸದಾಗಿಯೇ ಕೊಂಡೆ, ಎರಡರಲ್ಲೂ ದಿನಾ ಓಡಾಟ, ಎರಡೂ ಒಂದೊಂದು ಸಲ ಚೆನ್ನಾಗಿ ಕಾಡಿವೆ. ಅವು ಕಾಡಿದ ರೀತಿಯೇ ಬೇರೆ ಬೇರೆ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಮೊದಲು ಈ ಎಂಟು ವರ್ಷದ ಮಾತು ಎಲ್ಲಿಂದ ಬಂತು ನೋಡಿ. ಅದು ವಾರಂಟಿಯ ಅವಧಿ. ಹೆಚ್ಚಿನ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ, ಅಷ್ಟರೊಳಗೆ ಅದರ ಸಾಮರ್ಥ್ಯ ಸಾಮಾನ್ಯವಾಗಿ ಶೇ 70ಕ್ಕಿಂತ ಕೆಳಗೆ ಇಳಿದರೆ ರಿಪೇರಿ ಮಾಡಿಕೊಡುತ್ತೇವೆ, ಇಲ್ಲ ಬದಲಿಸಿಕೊಡುತ್ತೇವೆ ಅನ್ನುತ್ತವೆ. ವಾರಂಟಿ ಮುಗಿಯುವ ದಿನವೇ ಬ್ಯಾಟರಿ ಸಾಯುತ್ತದೆ ಅಂತ ಯಾರೋ ಅಂದುಕೊಂಡರು, ಅದೇ ಬಾಯಿಂದ ಬಾಯಿಗೆ ಹರಡಿತು. ಪೆಟ್ರೋಲ್ ಎಂಜಿನ್ನಿನ ವಾರಂಟಿ ಅದಕ್ಕಿಂತ ಎಷ್ಟೋ ಮೊದಲೇ ಮುಗಿಯುತ್ತದೆ, ಮರುದಿನ ಯಾರಾದರೂ ಎಂಜಿನ್ ಬಿಚ್ಚಿ ಎಸೆಯುತ್ತಾರಾ?

ಬ್ಯಾಟರಿ ಒಮ್ಮೆಲೇ ಸಾಯುವುದು ಅಪರೂಪ. ಅದು ನಿಧಾನವಾಗಿ ಸವೆಯುತ್ತದೆ. ಜಿಯೋಟ್ಯಾಬ್ ಅನ್ನುವ ಕಂಪನಿ ಸಾವಿರಾರು ಎಲೆಕ್ಟ್ರಿಕ್ ಗಾಡಿಗಳ ಲೆಕ್ಕ ತೆಗೆದು 2019ರಲ್ಲಿ ವರ್ಷಕ್ಕೆ ಸರಾಸರಿ ಶೇ 2.3 ಸವೆಯುತ್ತದೆ ಎಂದಿತ್ತು, 2024ರಲ್ಲಿ ಮತ್ತೆ ನೋಡಿದಾಗ ಅದು ಶೇ 1.8 ಆಗಿತ್ತು. ಸುಮ್ನೆ ಎರಡು ಅಂತ ಹಿಡಿಯಿರಿ. ಹತ್ತು ವರ್ಷಕ್ಕೆ ಇಪ್ಪತ್ತು ಹೋಗುತ್ತದೆ. ಹೊಸದರಲ್ಲಿ ಒಂದು ಚಾರ್ಜ್‌ಗೆ 400 ಕಿ.ಮೀ. ಓಡುತ್ತಿದ್ದ ಕಾರು 320 ಓಡುತ್ತದೆ. ಗುಜರಿಗೆ ಹಾಕುವ ಕಾರು ಅಲ್ಲವಲ್ಲ ಅದು! ನನ್ನದು ಆರು ವರ್ಷಕ್ಕೆ ಶೇ 9 ಇಳಿದಿದೆ. ಅದರಲ್ಲಿ ನಾಲ್ಕರಷ್ಟು ಮೊದಲ ವರ್ಷವೇ ಹೋಯಿತು, ಆಗ ನನಗೂ ಎದೆ ಧಸಕ್ಕೆಂದಿತ್ತು. ಮೊದಲು ಸ್ವಲ್ಪ ಜೋರಾಗಿ ಇಳಿದು ಆಮೇಲೆ ನಿಧಾನ ಆಗುವುದು ಈ ಬ್ಯಾಟರಿಗಳ ಸ್ವಭಾವ ಅಂತ ಆಮೇಲೆ ತಿಳಿಯಿತು.

ಹಾಗಾದರೆ ಬ್ಯಾಟರಿಗೆ ಕೆಟ್ಟ ಹೆಸರು ಯಾಕೆ ಬಂತು? ಬಹಳ ಮಟ್ಟಿಗೆ ಮೊದಲ ತಲೆಮಾರಿನ ಕಾರುಗಳಿಂದ. 2010ರ ಕೊನೆಯಲ್ಲಿ ಬಂದ ನಿಸ್ಸಾನ್ ಲೀಫ್‌ನಲ್ಲಿ 24 ಯೂನಿಟ್ (ಕಿಲೋವ್ಯಾಟ್ ಅವರ್) ಕರೆಂಟು ಹಿಡಿಯುವ ಚಿಕ್ಕ ಬ್ಯಾಟರಿ ಇತ್ತು, ಅದನ್ನು ತಣ್ಣಗಿಡಲು ದ್ರವದ ಕೂಲಿಂಗ್ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಸುಡುವ ಜಾಗದಲ್ಲಿ ಎರಡು ವರ್ಷ ತುಂಬುವ ಮೊದಲೇ ಜನ ದೂರು ಹೇಳತೊಡಗಿದರು, ವಿಷಯ ಕೋರ್ಟಿಗೂ ಹೋಯಿತು. ಈಗ ಬರುವ ಹೆಚ್ಚಿನ ಕಾರುಗಳಲ್ಲಿ ಬ್ಯಾಟರಿಯ ಪಕ್ಕದಲ್ಲೇ ಕೂಲಂಟ್ ಹರಿಯುತ್ತದೆ. ಲಿಥಿಯಂ ಬ್ಯಾಟರಿಯ ದೊಡ್ಡ ಶತ್ರು ಕಿಲೋಮೀಟರ್‌ಗಿಂತ ಬಿಸಿ. ಸೆಲ್‌ನ ಒಳಗೆ ಒಂದು ತೆಳು ಪದರ ಕಟ್ಟಿಕೊಂಡಿರುತ್ತದೆ, ಕಾಲ ಕಳೆದಂತೆ ಅದು ದಪ್ಪ ಆಗುತ್ತದೆ, ಕರೆಂಟು ಹೊತ್ತು ಓಡಾಡಬೇಕಾದ ಲಿಥಿಯಂ ಆ ಪದರದಲ್ಲಿ ಸಿಕ್ಕಿಬೀಳುತ್ತದೆ. ಬಿಸಿ ಜಾಸ್ತಿಯಾದರೆ ಇದು ಬೇಗ ನಡೆಯುತ್ತದೆ, ಫುಲ್ ಚಾರ್ಜ್ ಮಾಡಿ ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಿದರೆ ಇನ್ನೂ ಬೇಗ. ಅದಕ್ಕೇ ದಿನದ ಓಡಾಟಕ್ಕೆ ಶೇ 80ರವರೆಗೆ ಚಾರ್ಜ್ ಸಾಕು ಅನ್ನುವುದು. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಅನ್ನುವ ಬಗೆಯ ಬ್ಯಾಟರಿ ಇದ್ದರೆ ಈ ಚಿಂತೆ ಕಡಿಮೆ, ಅದಕ್ಕೆ ಆಯಸ್ಸು ಜಾಸ್ತಿ, ಆಗಾಗ 100ರವರೆಗೆ ಚಾರ್ಜ್ ಮಾಡಿ ಅಂತ ಎಷ್ಟೋ ಕಂಪನಿಗಳೇ ಹೇಳುತ್ತವೆ. ತೂಕಕ್ಕೆ ಹೋಲಿಸಿದರೆ ಅದರಲ್ಲಿ ಹಿಡಿಯುವ ಕರೆಂಟು ಮಾತ್ರ ಸ್ವಲ್ಪ ಕಡಿಮೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ನಾನು ಕಣ್ಣುಮುಚ್ಚಿ ಎಲ್‌ಎಫ್‌ಪಿ ಅನ್ನುತ್ತೇನೆ.

ಈಗ ಪೆಟ್ರೋಲ್ ಕಾರು. ನನ್ನದು ಆರು ವರ್ಷ ಏನೂ ತೊಂದರೆ ಕೊಡಲಿಲ್ಲ, ಆಯಿಲ್, ಫಿಲ್ಟರ್, ಸ್ಪಾರ್ಕ್ ಪ್ಲಗ್ ಅಷ್ಟೇ. ಏಳನೇ ವರ್ಷದಿಂದ ಶುರುವಾಯಿತು. ಕ್ಲಚ್ ಪ್ಲೇಟ್ ಹೋಯಿತು. ವಾಟರ್ ಪಂಪ್ ಸೋರಿತು. ಆಮೇಲೆ ಸೈಲೆನ್ಸರ್, ಆಮೇಲೆ ಆಕ್ಸಿಜನ್ ಸೆನ್ಸರ್. ಹತ್ತನೇ ವರ್ಷ ಕೂಲಂಟ್ ಪೈಪು ಒಡೆದು ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಸುಟ್ಟಿತು. ಎಂಜಿನ್ ಅಂದರೆ ಒಳಗೆ ನಿಮಿಷಕ್ಕೆ ಸಾವಿರಾರು ಸಲ ಬೆಂಕಿ ಹೊತ್ತಿಕೊಳ್ಳುವ ಯಂತ್ರ, ಅದರ ಸುತ್ತ ಬೆಲ್ಟು, ಪಂಪು, ಪೈಪು, ಸೀಲು. ಯಾವುದೋ ಒಂದು ಸವೆಯುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಮೋಟರ್‌ನಲ್ಲಿ ತಿರುಗುವುದು ರೋಟರ್ ಒಂದೇ, ಜೊತೆಗೆ ಬೇರಿಂಗು, ಒಂದು ಸಣ್ಣ ಗೇರ್ ಸೆಟ್ಟು. ಕ್ಲಚ್ ಇಲ್ಲ, ಎಂಜಿನ್ ಆಯಿಲ್ ಇಲ್ಲ, ಸೈಲೆನ್ಸರ್ ಇಲ್ಲ. ಬ್ರೇಕ್ ಪ್ಯಾಡ್ ಆರು ವರ್ಷದಲ್ಲಿ ನಾನು ಒಮ್ಮೆಯೂ ಬದಲಿಸಿಲ್ಲ, ಕಾಲು ತೆಗೆದರೆ ಮೋಟರ್ ಕಾರನ್ನು ನಿಧಾನ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ತಿರುಗಿಸುತ್ತದಲ್ಲ. ಟೈರು ಮಾತ್ರ ಬೇಗ ಸವೆಯುತ್ತದೆ, ಕಾರಿನ ತೂಕ ಜಾಸ್ತಿ, ಎಳೆತವೂ ಜಾಸ್ತಿ.

ಯಾವ ಕಾರನ್ನು ಎಷ್ಟು ನಂಬಬಹುದು ಅನ್ನುವ ವಿಷಯಕ್ಕೆ ಬಂದರೆ ಎರಡು ದೊಡ್ಡ ಲೆಕ್ಕಗಳು ಒಂದಕ್ಕೊಂದು ಉಲ್ಟಾ ಹೇಳುತ್ತವೆ, ಜನ ತಮಗೆ ಬೇಕಾದ್ದನ್ನು ಎತ್ತಿಕೊಂಡು ಜಗಳ ಆಡುತ್ತಾರೆ. ಜರ್ಮನಿಯ ಎಡಿಎಸಿ ಅನ್ನುವ ವಾಹನ ಸಂಘ ದಾರಿಯಲ್ಲಿ ಕೆಟ್ಟು ನಿಂತ ಕಾರುಗಳ ಲೆಕ್ಕ ಇಡುತ್ತದೆ. 2020ರಿಂದ 2022ರ ನಡುವೆ ರಸ್ತೆಗಿಳಿದ ಕಾರುಗಳನ್ನು ಅದು 2024ರಲ್ಲಿ ನೋಡಿದಾಗ ಸಾವಿರ ಎಲೆಕ್ಟ್ರಿಕ್ ಕಾರಿಗೆ 4.2 ಕೆಟ್ಟು ನಿಂತಿದ್ದವು, ಎಂಜಿನ್ ಕಾರುಗಳಲ್ಲಿ ಅದು 10.4. ಅತ್ತ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನುವ ಗ್ರಾಹಕ ಸಂಸ್ಥೆ 2023ರಲ್ಲಿ ಎಲೆಕ್ಟ್ರಿಕ್ ಕಾರುಗಳಲ್ಲಿ ಪೆಟ್ರೋಲ್ ಕಾರುಗಳಿಗಿಂತ ಶೇ 79ರಷ್ಟು ಜಾಸ್ತಿ ತೊಂದರೆ ಎಂದಿತು. ಮರುವರ್ಷ ಅದು ಶೇ 42ಕ್ಕೆ ಇಳಿಯಿತು.

ಯಾರದ್ದು ಸರಿ? ಇಬ್ಬರದ್ದೂ ಸರಿ. ಒಬ್ಬರು ಎಣಿಸಿದ್ದು ದಾರಿಯಲ್ಲಿ ನಿಂತದ್ದನ್ನು, ಇನ್ನೊಬ್ಬರು ಎಣಿಸಿದ್ದು ಮಾಲೀಕರು ಹೇಳಿದ ಎಲ್ಲ ತೊಂದರೆಗಳನ್ನು, ಅದರಲ್ಲಿ ಸ್ಕ್ರೀನ್ ಹ್ಯಾಂಗ್ ಆಗುವುದು, ಚಾರ್ಜ್ ತಗೊಳ್ಳದಿರುವುದು ಎಲ್ಲ ಸೇರುತ್ತದೆ. ನನ್ನ ಅನುಭವವೂ ಹಾಗೇ ಇದೆ: ನಡುದಾರಿಯಲ್ಲಿ ಕೈಕೊಡುವುದು ಕಡಿಮೆ, ಕಿರಿಕಿರಿ ಜಾಸ್ತಿ. ಅಂದಹಾಗೆ ಅದೇ 2023ರ ವರದಿಯಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಎಂಜಿನ್ನೂ ಮೋಟರೂ ಎರಡೂ ಇರುವ ಹೈಬ್ರಿಡ್, ಪೆಟ್ರೋಲ್ ಕಾರಿಗಿಂತ ಶೇ 26 ಕಡಿಮೆ ತೊಂದರೆ. ಮನೆಯಲ್ಲಿ ಚಾರ್ಜಿಂಗ್ ಇಲ್ಲದವರು ಅದನ್ನೂ ನೋಡಬೇಕು.

ಇನ್ನೊಂದು ಮಾತು. ಎಡಿಎಸಿ ಲೆಕ್ಕದಲ್ಲಿ ಎಲೆಕ್ಟ್ರಿಕ್ ಕಾರು ಕೆಟ್ಟು ನಿಂತದ್ದರಲ್ಲಿ ಅರ್ಧದಷ್ಟು ಕಾರಣ ಹಳೆಯ 12 ವೋಲ್ಟ್‌ನ ಸಣ್ಣ ಬ್ಯಾಟರಿ! ನನಗೂ ಆಗಿದೆ. ಒಂದು ಬೆಳಿಗ್ಗೆ ಬಾಗಿಲೇ ತೆರೆಯಲಿಲ್ಲ, ದೊಡ್ಡ ಬ್ಯಾಟರಿಯಲ್ಲಿ ಶೇ 70 ಚಾರ್ಜ್ ಇತ್ತು. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚು ಆನ್ ಆಗಬೇಕಾದರೆ 12 ವೋಲ್ಟ್ ಬೇಕು, ಅದು ಸತ್ತಿದ್ದರೆ ಇಡೀ ಕಾರು ಕಲ್ಲು. ನಾಲ್ಕು ವರ್ಷಕ್ಕೊಮ್ಮೆ ಅದನ್ನು ಬದಲಿಸಿಬಿಡಿ, ಕೆಡುವವರೆಗೆ ಕಾಯಬೇಡಿ.

ಈಗ ಹೆದರಬೇಕಾದ ವಿಷಯ. ನಾಲ್ಕನೇ ವರ್ಷ ನನ್ನ ಕಾರಿನ ಒಳಗಿನ ಚಾರ್ಜರ್ ಹೋಯಿತು, ಮನೆಯ ಕರೆಂಟನ್ನು ಬ್ಯಾಟರಿಗೆ ಹೊಂದಿಸುವ ಪೆಟ್ಟಿಗೆ ಅದು. ವಾರಂಟಿ ಇತ್ತು, ದುಡ್ಡು ಕೊಡಲಿಲ್ಲ. ಆದರೆ ಪಾರ್ಟ್ ಬರಬೇಕು ಅಂತ ಕಾರು ಐದು ವಾರ ಸರ್ವಿಸ್ ಸೆಂಟರ್‌ನಲ್ಲಿ ಬಿದ್ದಿತ್ತು. ಹೊರಗಿನ ಯಾವ ಮೆಕ್ಯಾನಿಕ್ಕೂ ಅದನ್ನು ಮುಟ್ಟಲು ತಯಾರಿಲ್ಲ, ಪಾರ್ಟ್ ಸಿಕ್ಕರೂ ಕಂಪನಿಯ ಸಾಫ್ಟ್‌ವೇರ್ ಒಪ್ಪದೆ ಅದು ಕೆಲಸ ಮಾಡುವುದಿಲ್ಲ. ನನ್ನ ಪೆಟ್ರೋಲ್ ಕಾರಿನ ಹೆಡ್ ಗ್ಯಾಸ್ಕೆಟ್ ಸುಟ್ಟಾಗ ಸಾಮಾನ್ಯ ಗ್ಯಾರೇಜಿನ ಒಬ್ಬ ಮೆಕ್ಯಾನಿಕ್ ಮೂರು ದಿನದಲ್ಲಿ ಬಿಚ್ಚಿ ಜೋಡಿಸಿ ಕೊಟ್ಟಿದ್ದರು. ಈ ವ್ಯತ್ಯಾಸವನ್ನು ಚೆನ್ನಾಗಿ ಯೋಚಿಸಿ. ಪೆಟ್ರೋಲ್ ಕಾರು ಜಾಸ್ತಿ ಕೆಡುತ್ತದೆ, ಆದರೆ ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ. ಎಲೆಕ್ಟ್ರಿಕ್ ಕಡಿಮೆ ಕೆಡುತ್ತದೆ, ಕೆಟ್ಟಾಗ ನೀವು ಕಂಪನಿಯ ಕೈಯಲ್ಲಿ.

ಕಂಪನಿಯೇ ಇಲ್ಲದಿದ್ದರೆ? ಸ್ವೀಡನ್ನಿನ ಸಾಬ್ ಕಾರು ಕಂಪನಿ 2011ರ ಡಿಸೆಂಬರ್‌ನಲ್ಲಿ ದಿವಾಳಿ ಆಯಿತು. ಅದರ ಬಿಡಿಭಾಗಗಳ ವಿಭಾಗ ಬೇರೆ ಹೆಸರಲ್ಲಿ ಉಳಿಯಿತು, ಸಾಬ್ ಕಾರುಗಳು ಇಂದಿಗೂ ಓಡುತ್ತಿವೆ. 2024ರ ಜೂನ್‌ನಲ್ಲಿ ಫಿಸ್ಕರ್ ಅನ್ನುವ ಎಲೆಕ್ಟ್ರಿಕ್ ಕಾರು ಕಂಪನಿ ದಿವಾಳಿ ಅರ್ಜಿ ಹಾಕಿತು. ಅದರ ಕಾರು ಕೊಂಡ ಸಾವಿರಾರು ಜನ ಸಾಫ್ಟ್‌ವೇರ್ ಅಪ್‌ಡೇಟ್ ಯಾರು ಕೊಡುತ್ತಾರೆ, ಪಾರ್ಟ್ ಎಲ್ಲಿ ಸಿಗುತ್ತದೆ ಅಂತ ತಾವೇ ಸಂಘ ಕಟ್ಟಿಕೊಂಡು ಓಡಾಡಬೇಕಾಯಿತು. ಹಾಗಾಗಿ ಹತ್ತು ವರ್ಷಕ್ಕೆ ಎಲೆಕ್ಟ್ರಿಕ್ ಕೊಳ್ಳುವಾಗ ರೇಂಜ್, ಅಂದರೆ ಒಂದು ಚಾರ್ಜ್‌ಗೆ ಎಷ್ಟು ದೂರ ಓಡುತ್ತದೆ ಅನ್ನುವುದನ್ನು ನೋಡುವುದಕ್ಕಿಂತ ಮೊದಲು ಕಂಪನಿ ನೋಡಿ. ತುಂಬಾ ಮಾರಾಟವಾದ ಮಾದರಿಯನ್ನೇ ತಗೊಳ್ಳಿ, ಪಾರ್ಟ್ ಸಿಗುತ್ತದೆ, ಕೆಲಸ ಕಲಿತವರೂ ಸಿಗುತ್ತಾರೆ. ಹೊಸ ಕಂಪನಿಯ ಚೆಂದದ ಮೊದಲ ಕಾರು ನನಗಂತೂ ಬೇಡ.

ರಿಪೇರಿ ಮಾಡಲು ಆಗುವ ಯಂತ್ರ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ಇರ್ವ್ ಗಾರ್ಡನ್ ಅವರ 1966ರ ವೋಲ್ವೊ ಇದೆ, 2013ರಲ್ಲಿ 30 ಲಕ್ಷ ಮೈಲಿ ದಾಟಿತು, ಅಂದರೆ 48 ಲಕ್ಷ ಕಿ.ಮೀ., ಅದೂ ಪೆಟ್ರೋಲ್ ಕಾರು. ಅಷ್ಟು ಪ್ರೀತಿಯಿಂದ ನೋಡಿಕೊಳ್ಳುವವರು ಸಾವಿರಕ್ಕೊಬ್ಬರೂ ಸಿಗುವುದಿಲ್ಲ, ಆದರೆ ಆ ಸಾಧ್ಯತೆ ಪೆಟ್ರೋಲ್ ಕಾರಿನಲ್ಲಿ ಇದೆ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ.

ತಯಾರಿಕೆಯ ದೋಷ ಎರಡೂ ಕಡೆ ಇದೆ. ಷೆವರ್ಲೆ ಬೋಲ್ಟ್‌ನ ಸೆಲ್‌ಗಳಲ್ಲಿ ದೋಷ ಇದೆ ಅಂತ 2021ರಲ್ಲಿ ಅಲ್ಲಿಯವರೆಗೆ ತಯಾರಾದ 1.4 ಲಕ್ಷ ಕಾರುಗಳನ್ನೂ ವಾಪಸ್ ಕರೆದರು. ಎಂಜಿನ್ನಿಗೆ ಹೆಸರಾದ ಟೊಯೊಟಾ ಕೂಡ 2024ರಲ್ಲಿ ಎಂಜಿನ್ ಒಳಗೆ ಲೋಹದ ಚೂರು ಉಳಿದಿರಬಹುದು ಅಂತ ಸುಮಾರು 1 ಲಕ್ಷ ಗಾಡಿ ವಾಪಸ್ ಕರೆಯಿತು.

ಇನ್ನು ದುಡ್ಡು. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಒಂದು ಸಾಧಾರಣ ಪೆಟ್ರೋಲ್ ಕಾರು ಅದರಲ್ಲಿ 15 ಕಿ.ಮೀ. ಹೋಗುತ್ತದೆ, ಉಳಿದ ಹೆಚ್ಚಿನ ಭಾಗ ಬಿಸಿಯಾಗಿ ಹೋಗುತ್ತದೆ. ಅದೇ 9 ಯೂನಿಟ್‌ನಲ್ಲಿ ನನ್ನ ಕಾರು 55ರಿಂದ 60 ಕಿ.ಮೀ. ಹೋಗುತ್ತದೆ. ಒಂದು ಲೀಟರ್ ಪೆಟ್ರೋಲ್ ದರವನ್ನು 15ರಿಂದ ಭಾಗಿಸಿ, ಮನೆಯ ಒಂದು ಯೂನಿಟ್ ಕರೆಂಟಿನ ದರವನ್ನು 6ರಿಂದ ಭಾಗಿಸಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬರೀ ಹೊರಗಿನ ಫಾಸ್ಟ್ ಚಾರ್ಜರ್ ನಂಬಿಕೊಂಡರೆ ಈ ಲಾಭ ಬಹಳ ಮಟ್ಟಿಗೆ ಕರಗುತ್ತದೆ.

ಆದರೆ ಮಾರುವಾಗ ಎಲೆಕ್ಟ್ರಿಕ್‌ಗೆ ಪೆಟ್ಟು ಜಾಸ್ತಿ, ಇದನ್ನು ಮುಚ್ಚಿಡಬಾರದು. ಅಮೆರಿಕದ ಐಸೀಕಾರ್ಸ್ ಅನ್ನುವ ಕಾರು ಮಾರಾಟದ ಜಾಲತಾಣ 2025ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಐದು ವರ್ಷದಲ್ಲಿ ಕಾರುಗಳ ಬೆಲೆ ಸರಾಸರಿ ಶೇ 45.6 ಇಳಿದರೆ ಎಲೆಕ್ಟ್ರಿಕ್ ಶೇ 58.8 ಇಳಿಯುತ್ತದೆ. ಇದಕ್ಕೆ ಕಾರಣ ಕಾರು ಕೆಡುವುದಲ್ಲ, ಹೊಸ ಕಾರು ಅಗ್ಗ ಆಗುತ್ತಿರುವುದು. ಬ್ಲೂಮ್‌ಬರ್ಗ್‌ಎನ್‌ಇಎಫ್ ಅನ್ನುವ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2010ರಲ್ಲಿ ಒಂದು ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರ್ ದಾಟಿದ್ದ ಬ್ಯಾಟರಿ 2024ಕ್ಕೆ 115 ಡಾಲರ್‌ಗೆ ಬಂತು. ಟೆಸ್ಲಾ 2023ರ ಜನವರಿಯಲ್ಲಿ ಹೊಸ ಕಾರಿನ ಬೆಲೆ ಒಮ್ಮೆಲೇ ಇಳಿಸಿದಾಗ ಹಿಂದಿನ ತಿಂಗಳು ಕೊಂಡವರ ಕಾರಿನ ಬೆಲೆಯೂ ಒಂದೇ ದಿನದಲ್ಲಿ ಇಳಿಯಿತು. ಬಾಡಿಗೆ ಕಾರಿನ ಹರ್ಟ್ಜ್ ಕಂಪನಿ 2024ರ ಜನವರಿಯಲ್ಲಿ 20,000 ಎಲೆಕ್ಟ್ರಿಕ್ ಕಾರು ಮಾರಲು ಹೊರಟದ್ದಕ್ಕೆ ಇದೂ ಒಂದು ಕಾರಣ. ಮೂರು ನಾಲ್ಕು ವರ್ಷಕ್ಕೆ ಕಾರು ಬದಲಿಸುವವರಿಗೆ ಇದು ದೊಡ್ಡ ನಷ್ಟ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅಷ್ಟು ತಾಗುವುದಿಲ್ಲ, ಹತ್ತು ವರ್ಷದ ಪೆಟ್ರೋಲ್ ಕಾರಿಗೂ ಯಾರೂ ಕೈತುಂಬ ಕೊಡುವುದಿಲ್ಲ ಅಲ್ವಾ?

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇದೇ ಲಾಭ. ಮೂರು ವರ್ಷದ ಎಲೆಕ್ಟ್ರಿಕ್ ಕಾರು ಸಿಕ್ಕರೆ ಬೆಲೆಯ ದೊಡ್ಡ ಇಳಿತವನ್ನು ಮೊದಲಿನವರು ಹೊತ್ತಿರುತ್ತಾರೆ, ಬ್ಯಾಟರಿ ವಾರಂಟಿ ಇನ್ನೂ ಐದು ವರ್ಷ ಉಳಿದಿರುತ್ತದೆ. ನಾನು ಮತ್ತೆ ಕೊಂಡರೆ ಹೀಗೇ ಕೊಳ್ಳುತ್ತೇನೆ. ಬ್ಯಾಟರಿಯ ಆರೋಗ್ಯ ಎಷ್ಟು ಪರ್ಸೆಂಟ್ ಇದೆ ಅಂತ ಸರ್ವಿಸ್ ಸೆಂಟರ್‌ನಿಂದ ಬರೆಸಿಕೊಳ್ಳಿ, ಬಾಯಿಮಾತಿಗೆ ಒಪ್ಪಬೇಡಿ. ಕಾರನ್ನು ಎತ್ತಿಸಿ ಬ್ಯಾಟರಿಯ ತಳಕ್ಕೆ ಕಲ್ಲು ಬಡಿದ ಗುರುತು ಇದೆಯಾ ನೋಡಿ, ಅಲ್ಲಿ ಪೆಟ್ಟಾಗಿದ್ದರೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ.

ಮನೆಯಲ್ಲಿ ಪ್ಲಗ್ ಹಾಕುವ ಜಾಗ ಇದೆಯಾ, ದಿನಕ್ಕೆ ಎಷ್ಟು ಕಿ.ಮೀ. ಓಡಿಸುತ್ತೀರಿ ಅಂತ ನೀವು ಬರೆದಿಲ್ಲ. ಜಾಗ ಇದ್ದು 40 ಕಿ.ಮೀ. ಮೇಲೆ ಓಡಾಟ ಇದ್ದರೆ ಎಲೆಕ್ಟ್ರಿಕ್ ತಗೊಳ್ಳಿ. ಜಾಗ ಇಲ್ಲ, ವಾರಕ್ಕೆ ಎರಡು ಸಲ ಮಾತ್ರ ಕಾರು ತೆಗೆಯುವುದು ಅಂತಾದರೆ ಸದ್ಯಕ್ಕೆ ಪೆಟ್ರೋಲೇ ಇರಲಿ. ಎರಡರ ನಡುವೆ ಎಲ್ಲೋ ಇದ್ದರೆ ಇಲ್ಲೇ ಕೆಳಗೆ ಬರೆಯಿರಿ, ಕೂತು ಲೆಕ್ಕ ಹಾಕೋಣ.