ಲೋಕಸಭೆ ‘ಕೆಳಮನೆ’ ಆದದ್ದು ಹೇಗೆ?

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಇದು: ಎಂಟನೆಯ ತರಗತಿಯಲ್ಲಿ ಓದುವ ಅವರ ಮಗಳು, “ಜನ ಆರಿಸಿದ ಲೋಕಸಭೆ ಕೆಳಮನೆ, ಶಾಸಕರು ಆರಿಸಿದ ರಾಜ್ಯಸಭೆ ಮೇಲ್ಮನೆ, ಹಾಗಾದರೆ ನಿಮ್ಮ ವೋಟಿಗೆ ಬೆಲೆ ಕಡಿಮೆಯೇ?” ಎಂದು ಕೇಳಿದ್ದಾಳೆ. ಪತ್ರಿಕೆಗಳು ಈ ಪದಗಳನ್ನು ಏಕೆ ಬಿಡುವುದಿಲ್ಲ ಎಂಬುದು ತಂದೆಯ ಪ್ರಶ್ನೆ.

ಮಾನ್ಯರೇ,

ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ನಮ್ಮ ಸಂವಿಧಾನದಲ್ಲಿ ಕೆಳಮನೆ, ಮೇಲ್ಮನೆ ಎಂಬ ಪದಗಳೇ ಇಲ್ಲ. ಅದರ ಇಂಗ್ಲಿಷ್ ಪಠ್ಯದ 79ನೆಯ ಅನುಚ್ಛೇದ ಲೋಕಸಭೆಯನ್ನು ‘ಹೌಸ್ ಆಫ್ ದಿ ಪೀಪಲ್’, ಅಂದರೆ ಜನರ ಸದನ ಎಂದೇ ಕರೆಯುತ್ತದೆ. ಲೋಕಸಭೆ, ರಾಜ್ಯಸಭೆ ಎಂಬ ಹೆಸರುಗಳನ್ನು ಅಂಗೀಕರಿಸಿದ್ದು 1954ರಲ್ಲಿ. ಮೇಲು–ಕೆಳಗಿನ ಎಣಿಕೆ ಇಂಗ್ಲೆಂಡಿನದು. ಅಲ್ಲಿ 14ನೆಯ ಶತಮಾನದಲ್ಲಿ ಪ್ರಭುಗಳೂ ಬಿಷಪ್ಪರೂ ಒಂದು ಕಡೆ, ಕೌಂಟಿ ಮತ್ತು ಪಟ್ಟಣಗಳ ಪ್ರತಿನಿಧಿಗಳು ಇನ್ನೊಂದು ಕಡೆ ಸೇರತೊಡಗಿದರು. ಕೂತವರ ಅಂತಸ್ತು ಮನೆಗೂ ಅಂಟಿಕೊಂಡಿತು. ಅಧಿಕಾರ ಮೆಲ್ಲಮೆಲ್ಲನೆ ಸಾಮಾನ್ಯರ ಸದನಕ್ಕೆ ಸರಿದು, 1911ರ ಪಾರ್ಲಿಮೆಂಟ್ ಕಾಯ್ದೆಯಿಂದ ಹಣಕಾಸು ಮಸೂದೆಗಳನ್ನು ತಡೆಹಿಡಿಯುವ ಶಕ್ತಿಯನ್ನು ಪ್ರಭುಗಳು ಕಳೆದುಕೊಂಡ ಮೇಲೂ ಹೆಸರು ಮಾತ್ರ ಬದಲಾಗಲಿಲ್ಲ. ಇಂಗ್ಲಿಷಿನಲ್ಲಿ ಸವೆದುಹೋದ ಆ ಅರ್ಥ ಕನ್ನಡಕ್ಕೆ ಬಂದಾಗ ಮತ್ತೆ ಚುಚ್ಚತೊಡಗಿತು, ಏಕೆಂದರೆ ಮೇಲು–ಕೀಳು ಎಂಬುದು ನಮ್ಮ ಊರುಗಳಲ್ಲಿ ಇಂದಿಗೂ ಜನ ಅನುಭವಿಸುತ್ತಿರುವ ಸಂಗತಿ.

ಇನ್ನು ವೋಟಿನ ಬೆಲೆ. 1997ರ ಏಪ್ರಿಲ್ 11ರಂದು ನಮ್ಮ ರಾಜ್ಯದವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿದರು. ಅವರು ಆಗ ರಾಜ್ಯಸಭೆಯ ಸದಸ್ಯರು. ಸಚಿವರಾದವರು ಯಾವ ಸದನದಲ್ಲಿ ಬೇಕಾದರೂ ಮಾತನಾಡಬಹುದು, ಆದರೆ ತಾವು ಸದಸ್ಯರಲ್ಲದ ಸದನದಲ್ಲಿ ಮತ ಹಾಕುವಂತಿಲ್ಲ. ಆದ್ದರಿಂದ ತಮ್ಮದೇ ಸರ್ಕಾರದ ಅಳಿವು ಉಳಿವು ತೀರ್ಮಾನವಾಗುವ ಹೊತ್ತಿನಲ್ಲಿ ದೇಶದ ಪ್ರಧಾನಿಗೆ ಅಲ್ಲಿ ಒಂದು ಮತವೂ ಇರಲಿಲ್ಲ. ಕರ್ನಾಟಕದ 28 ಕ್ಷೇತ್ರಗಳಿಂದ ಜನ ಆರಿಸಿ ಕಳಿಸಿದ ಪ್ರತಿ ಸಂಸದರಿಗೂ ಒಂದೊಂದು ಮತವಿತ್ತು. ಸರ್ಕಾರ ಸೋತಿತು. ಎರಡು ವರ್ಷಗಳ ನಂತರ, 1999ರ ಏಪ್ರಿಲ್ 17ರಂದು, ವಾಜಪೇಯಿ ಸರ್ಕಾರ ಅದೇ ಸದನದಲ್ಲಿ 269–270ರಂತೆ ಒಂದೇ ಒಂದು ಮತದಿಂದ ಬಿದ್ದುಹೋಯಿತು. ಮಂತ್ರಿಮಂಡಲ ಲೋಕಸಭೆಗೆ ಮಾತ್ರ ಸಾಮೂಹಿಕವಾಗಿ ಹೊಣೆ ಎಂಬ 75ನೆಯ ಅನುಚ್ಛೇದದ ಅರ್ಥ ಇದು. ರಾಜ್ಯಸಭೆಗೆ ಸರ್ಕಾರವನ್ನು ಇಳಿಸುವ ಅಧಿಕಾರವಿಲ್ಲ. ತೆರಿಗೆ, ಸರ್ಕಾರದ ಖರ್ಚಿನಂಥ ಹಣದ ವಿಷಯಕ್ಕಷ್ಟೇ ಸೇರಿದ ಧನ ಮಸೂದೆಯನ್ನು ಅದು 14 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹಾಗೆಂದು ಅದು ಹೆಸರಿಗಷ್ಟೇ ಇರುವ ಸದನವೂ ಅಲ್ಲ: ಸಂವಿಧಾನದ ತಿದ್ದುಪಡಿಗೆ ಎರಡೂ ಸದನಗಳು ಪ್ರತ್ಯೇಕವಾಗಿ ಒಪ್ಪಲೇಬೇಕು.

ನನ್ನನ್ನು ಕಾಡುವುದು ಪದಕ್ಕಿಂತ ಬೇರೆ ಸಂಗತಿ. ದೇಶದ ಖರ್ಚಿಗೆ ಒಪ್ಪಿಗೆ ಕೊಡುವ ಲೋಕಸಭೆ, 2023ರ ಮಾರ್ಚ್‌ನಲ್ಲಿ ಸುಮಾರು 45 ಲಕ್ಷ ಕೋಟಿ ರೂಪಾಯಿಯ ಬಜೆಟ್ಟಿನ ಅನುದಾನ ಬೇಡಿಕೆಗಳನ್ನು, ಅಂದರೆ ಇಲಾಖೆಗಳ ಖರ್ಚಿಗೆ ಹಣ ಕೇಳುವ ಪ್ರಸ್ತಾವಗಳನ್ನು, ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕರಿಸಿತು. 2019ರಿಂದ 2024ರವರೆಗಿನ 17ನೆಯ ಲೋಕಸಭೆ ಉಪಸಭಾಧ್ಯಕ್ಷರನ್ನು ಆರಿಸದೆಯೇ ಅವಧಿ ಮುಗಿಸಿತು. ನಾವು ಕಳಿಸಿದವರು ಅಲ್ಲಿ ಕೂತು ಲೆಕ್ಕ ಕೇಳದಿದ್ದರೆ ನಮ್ಮ ವೋಟಿನ ಬೆಲೆ ನಿಜವಾಗಿಯೂ ಕಡಿಮೆಯಾಗುತ್ತದೆ, ಸದನವನ್ನು ಯಾವ ಹೆಸರಿನಿಂದ ಕರೆದರೂ.

ಆದರೂ ನಿಮ್ಮ ಸಲಹೆಯನ್ನು ಒಪ್ಪಿದ್ದೇನೆ. ಮುಂದಿನ ಸಂಚಿಕೆಯಿಂದ ನಮ್ಮ ವರದಿಗಳಲ್ಲಿ ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ಎಂದೇ ಬರೆಯುತ್ತೇವೆ. ಬೇರೆಯವರ ಮಾತನ್ನು ಉದ್ಧರಿಸುವಾಗ ಮಾತ್ರ ಅವರ ಪದವನ್ನು ಹಾಗೆಯೇ ಇಡುತ್ತೇವೆ. ಇದನ್ನು ದಯವಿಟ್ಟು ನಿಮ್ಮ ಮಗಳಿಗೆ ತಿಳಿಸಿ.

– ಸಂಪಾದಕ