ಮಾತ್ರೆ ಫಲಿಸದಿದ್ದರೆ ಶಸ್ತ್ರಚಿಕಿತ್ಸೆಯೇ?

ಪ್ರಶ್ನೆ: ನನಗೆ 54 ವರ್ಷ, ಸಕ್ಕರೆ ಕಾಯಿಲೆ ಇದೆ. ನಿಮಿರುವಿಕೆಯ ತೊಂದರೆಗೆ ಮಾತ್ರೆ ಕೆಲಸ ಮಾಡುತ್ತಿಲ್ಲ. ಶಿಶ್ನದೊಳಗೆ ಇಡುವ ಉಪಕರಣ, ಅಂದರೆ ಇಂಪ್ಲಾಂಟ್, ಹಾಕಿಸಿಕೊಳ್ಳಬಹುದೇ ಡಾಕ್ಟರ್? ಹೆಂಡತಿಗೆ ಇನ್ನೂ ಹೇಳಿಲ್ಲ.

ಉತ್ತರ: ಹಾಕಿಸಿಕೊಳ್ಳಬಹುದು, ಆದರೆ ಇಷ್ಟು ಬೇಗ ಬೇಡ. ಮಾತ್ರೆಯನ್ನು ಹೇಗೆ ತೆಗೆದುಕೊಂಡಿರಿ? ಇದಕ್ಕೆ ಸಾಮಾನ್ಯವಾಗಿ ಕೊಡುವ ಸಿಲ್ಡೆನಾಫಿಲ್ ಮಾತ್ರೆಯನ್ನು ಹೊಟ್ಟೆ ತುಂಬ ಉಂಡು ನುಂಗಿದರೆ, ಅಥವಾ ಉದ್ರೇಕವೇ ಇಲ್ಲದೆ ಕಾದು ಕುಳಿತರೆ, ಫಲ ಸಿಗದೇ ಹೋಗಬಹುದು. ಅದನ್ನು ಸರಿಪಡಿಸಿದ ಮೇಲೂ ಆಗದಿದ್ದರೆ ಹೊರಗಿನಿಂದಲೇ ಶಿಶ್ನಕ್ಕೆ ರಕ್ತ ಸೆಳೆಯುವ ನಿರ್ವಾತ ಪಂಪ್ ಇದೆ, ಶಿಶ್ನಕ್ಕೇ ಕೊಡುವ ಸಣ್ಣ ಇಂಜೆಕ್ಷನ್ ಇದೆ. ಹೃದಯದ ತಪಾಸಣೆಯನ್ನೂ ಮಾಡಿಸಿ. ಈ ತೊಂದರೆ ಕೆಲವೊಮ್ಮೆ ರಕ್ತನಾಳದ ಕಾಯಿಲೆಯ ಮೊದಲ ಸೂಚನೆ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಇಂಪ್ಲಾಂಟ್ ಇಡಲು ಶಿಶ್ನದೊಳಗಿನ ಸ್ಪಂಜಿನಂಥ ಅಂಗಾಂಶವನ್ನು ಹಿಗ್ಗಿಸಿ ಜಾಗ ಮಾಡಬೇಕು. ಮುಂದೆ ತೆಗೆಸಿದರೂ ಸಹಜ ನಿಮಿರುವಿಕೆ ಮರಳುವ ಭರವಸೆ ಇಲ್ಲ. ನನ್ನ ಮೇಜಿನ ಮೇಲಿರುವ ಮಾದರಿಯನ್ನು ಬಂದವರ ಕೈಗೇ ಕೊಡುತ್ತೇನೆ: ಎರಡು ಕೊಳವೆ, ವೃಷಣಚೀಲದಲ್ಲಿ ಕೂರುವ ಪಂಪ್, ಕೆಳಹೊಟ್ಟೆಯಲ್ಲಿಡುವ ದ್ರವದ ಚೀಲ. ಪಂಪ್ ಒತ್ತುತ್ತಾ ಹೋದರೆ ಕೊಳವೆ ಬಿಗಿಯಾಗುತ್ತದೆ. ಬೆರಳುಗಳಲ್ಲಿ ಬಲವಿಲ್ಲದವರು ಇದಕ್ಕೆ ತಡಕಾಡುತ್ತಾರೆ. ಅವರಿಗೆ ಪಂಪ್ ಇಲ್ಲದ ಇನ್ನೊಂದು ಬಗೆಯ ಇಂಪ್ಲಾಂಟ್, ಅಂದರೆ ಕೈಯಿಂದ ಬಾಗಿಸುವ ಕಡ್ಡಿಯೇ ಮೇಲು.

ಸ್ಪರ್ಶಜ್ಞಾನ, ಸ್ಖಲನ ಸಾಮಾನ್ಯವಾಗಿ ಉಳಿಯುತ್ತವೆ. ಆಸೆಯಾಗಲಿ ಉದ್ದವಾಗಲಿ ಹೆಚ್ಚದು. ಉದ್ದ ಕಡಿಮೆಯಾಯಿತೆಂದು ಕೊರಗುವವರೂ ಇದ್ದಾರೆ. ಉಪಕರಣ ವರ್ಷಗಳು ಕಳೆದಂತೆ ಸವೆಯಬಹುದು, ಆಗ ಮತ್ತೆ ಶಸ್ತ್ರಚಿಕಿತ್ಸೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸೋಂಕಿನ ಭಯ ಹೆಚ್ಚು. ಸೋಂಕಾದರೆ ಇಡೀ ಉಪಕರಣವನ್ನೇ ತೆಗೆಯಬೇಕಾಗುತ್ತದೆ. ಹಾಗಾಗಿ ಮೊದಲು ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ. ಮೂತ್ರರೋಗ ತಜ್ಞರ ಬಳಿಗೆ ಹೋಗುವಾಗ ಹೆಂಡತಿಯನ್ನೂ ಕರೆದೊಯ್ಯಿರಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ.